ಕಲ್ಲಿನೊಳಗಿಂದ ತಟ್ಟಿದವರಿಗೆ ಉತ್ತರ ಕೊಟ್ಟ ರಾತ್ರಿ

ಇದನ್ನು ನಂಬಿ ಎಂದು ನಾನು ಯಾರ ಕಾಲನ್ನೂ ಹಿಡಿಯುವುದಿಲ್ಲ. ನಂಬದಿದ್ದರೆ ನಿಮಗೇ ಒಳ್ಳೆಯದು, ರಾತ್ರಿ ನಿದ್ದೆಯಾದರೂ ಬರುತ್ತದೆ. ಆದರೆ ನಡೆದದ್ದು ನನಗೇ, ಕೇಳಿದ್ದು ಇದೇ ಕಿವಿಯಲ್ಲಿ. ಕುಡಿದಿರಲಿಲ್ಲ, ಜ್ವರವೂ ಇರಲಿಲ್ಲ. ಎತ್ತರದ ಜಾಗದಲ್ಲಿ ಗಾಳಿ ತೆಳುವಾಗಿ ನಿನ್ನ ತಲೆ ಕೆಟ್ಟಿತ್ತು ಎಂದು ಓದಿದವರು ಹೇಳಿದರು. ಹೇಳಲಿ. ನಮ್ಮ ಬಂಗಾರಪೇಟೆಯಲ್ಲಿ ಗಾಳಿ ತೆಳುವಾಗಿಲ್ಲವಲ್ಲ!

ನಾನು ಬಂಗಾರಪೇಟೆ ಪಕ್ಕದ ಹಳ್ಳಿಯವನು. ಹೆಸರು ರಾಜಣ್ಣ. ಮನೆಯಲ್ಲಿ ಎರಡು ಸೀಮೆಹಸು, ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸ. ಬೆಳಗ್ಗೆ ಹಾಲು ಕರೆದು ಡೇರಿಗೆ ಹಾಕಿ ರೈಲು ಹಿಡಿಯುವುದು, ಕತ್ತಲಾದ ಮೇಲೆ ಬಂದು ಇಳಿಯುವುದು. ಆ ರೈಲು ಮಾರಿಕುಪ್ಪಂನಿಂದ ಹೊರಡುತ್ತದೆ. ಹಾಗಾಗಿ ಕೆಜಿಎಫ್ ಕಡೆಯವರಿಗೆ ಸೀಟು ಗ್ಯಾರಂಟಿ, ಬಂಗಾರಪೇಟೆಯವರು ಅವರ ದಯೆಯಲ್ಲಿ ಬದುಕಬೇಕು. ನನಗೆ ಆ ದಯೆ ತೋರಿಸುತ್ತಿದ್ದವನು ಅನ್ಬು. ಕೆಜಿಎಫ್‌ನ ಕೋರಮಂಡಲ್ ಸ್ಟೇಷನ್ನಿನಲ್ಲಿ ಹತ್ತಿ, ಪಕ್ಕದ ಸೀಟಿನ ಮೇಲೆ ಟವೆಲ್ ಹಾಸಿ, ಯಾರು ಬೈದರೂ ಅಲ್ಲಾಡದೆ ಕೂತಿರುತ್ತಿದ್ದ.

ಅನ್ಬು ನನಗಿಂತ ತುಂಬ ಚಿಕ್ಕವನು. ಬೆಂಗಳೂರಿನಲ್ಲಿ ಬೆಟ್ಟ ಹತ್ತುವವರಿಗೆ ಬ್ಯಾಗು, ಟೆಂಟು ಬಾಡಿಗೆಗೆ ಕೊಡುವ ಅಂಗಡಿಯಲ್ಲಿದ್ದ. ಅವನ ತಾತ, ಅಪ್ಪ ಇಬ್ಬರೂ ಚಿನ್ನದ ಗಣಿಯಲ್ಲಿ ದುಡಿದವರು.

"ನಮ್ಮೋರೆಲ್ಲ ಕೆಳಕ್ಕೇ ಓದ್ರು ಅಣ್ಣಾ, ನಾನು ಮೇಲಕ್ಕೆ ಓಯ್ತೀನಿ," ಎನ್ನುತ್ತಿದ್ದ.

ಹಿಮಾಚಲದ ಮೇಲುಬೆಟ್ಟಗಳಲ್ಲಿ ಸಾಲಾಗಿ ಕೆರೆಗಳಿವೆಯಂತೆ, ಅವನ್ನು ದಾಟಿ ಒಂದು ಎತ್ತರದ ಕಣಿವೆದಾರಿ ಹತ್ತಿದರೆ ಇನ್ನೊಂದು ಸೀಮೆಗೇ ಇಳಿಯಬಹುದಂತೆ. ರೈಲಿನಲ್ಲಿ ವರ್ಷವಿಡೀ ಇದನ್ನೇ ಹೇಳಿ ಹೇಳಿ ನನ್ನ ತಲೆಗೂ ಹುಳ ಬಿಟ್ಟ. ಹೋಗೇಬಿಡೋಣ ಎಂದುಕೊಂಡೆ. ನನ್ನ ಹೆಂಡತಿ ಜಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಊರ ಮುಂದಿನ್ ಕೆರೇಲಿ ಅಸ ತೊಳ್ಕಂಡ್ ಬನ್ನಿ ಅಂದ್ರೆ ಮಂಡಿ ನೋವು ಅಂತೀರ. ಈಗ ಆಕಾಶದಾಗಿರೋ ಕೆರೆ ನೋಡಕ್ಕೆ ಓಯ್ತೀರ?"

ಬೈದುಕೊಂಡೇ ರಾಗಿ ಹುರಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಟ್ಟಳು. ಅವಳ ಬೈಗುಳ, ಅವಳ ಬುತ್ತಿ ಎರಡೂ ಒಟ್ಟಿಗೇ ಬರುತ್ತವೆ, ಒಂದನ್ನು ಬಿಟ್ಟು ಒಂದನ್ನು ತಗೊಳ್ಳುವ ಹಾಗಿಲ್ಲ.

ಹೊರಡುವ ದಿನ ಕೋರಮಂಡಲ್‌ನ ಗಣಿ ಕಾರ್ಮಿಕರ ಸಾಲುಮನೆಯಲ್ಲಿ ಅನ್ಬುವಿನ ತಾಯಿ ನನ್ನ ಕೈ ಹಿಡಿದುಕೊಂಡರು. ಗಂಡ ಎದೆಯ ಕಾಯಿಲೆಯಲ್ಲಿ ಹೋಗಿದ್ದ, ಉಳಿದವನು ಮಗನೊಬ್ಬನೇ.

"ಎಂಗ್ ಕರ್ಕೊಂಡ್ ಓಯ್ತಿಯೋ ಅಂಗೇ ಕರ್ಕೊಂಡ್ ಬಾಪ್ಪಾ," ಎಂದರು.

"ನಾನಿಲ್ವಾ ಅಮ್ಮಾ, ಬಿಡಿ," ಎಂದೆ. ಬಾಯಿಗೆ ಬಂದ ಮಾತು. ಆದರೂ ಆಡಿದ ಮೇಲೆ ಆಡಿದ ಹಾಗೆಯೇ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಕಟ್ಟಿದವನು ಬೆನ್ನಿಗೆ ಬ್ಯಾಗು ಹೊತ್ತು ಬೆಟ್ಟ ಹತ್ತಿದ ಮೇಲೇ ಕಟ್ಟಿರಬೇಕು. ಮೊದಲ ದಿನವೇ ನನ್ನ ಜೀವ ಬಾಯಿಗೆ ಬಂತು. ನಾವಿಬ್ಬರು, ದಾರಿ ತೋರಿಸಲು ಪ್ರೇಮ್ ಸಿಂಗ್ ಎಂಬ ಅಲ್ಲಿಯವನು, ಒಟ್ಟು ಮೂವರು. ದೇವದಾರು ಮರಗಳು ಮುಗಿದವು, ಆಮೇಲೆ ಹುಲ್ಲೂ ಮುಗಿಯಿತು. ಕೆರೆಗಳು ಬಂದವು. ಒಂದು ಹಸಿರು, ಒಂದು ಕಡುನೀಲಿ, ಅಂಚಿನಲ್ಲಿ ಇನ್ನೂ ಹಿಮ. ನಮ್ಮ ಕೋಲಾರದ ಕೆರೆಗಳನ್ನು ನೋಡಿದ ಕಣ್ಣಿಗೆ ಅಷ್ಟು ನೀರು ನೋಡಿ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಕಡೆಯ ಕೆರೆ ಮಾತ್ರ ಚೆನ್ನಾಗಿರಲಿಲ್ಲ. ಕಣಿವೆದಾರಿಯ ಬುಡದಲ್ಲಿ, ಸುತ್ತ ಉರುಳಿಬಿದ್ದ ಬಂಡೆಗಳ ರಾಶಿ, ನಡುವೆ ಕಪ್ಪು ನೀರು. ಒಂದು ಹಕ್ಕಿಯೂ ಇರಲಿಲ್ಲ. ಅಲ್ಲಿ ತಂಗುವುದು ಪ್ರೇಮ್ ಸಿಂಗ್‌ಗೆ ಇಷ್ಟವಿರಲಿಲ್ಲ. ಆದರೆ ಆಲಿಕಲ್ಲು ಹೊಡೆಯತೊಡಗಿತ್ತು, ಮುಂದೆ ಹೋಗುವಂತಿರಲಿಲ್ಲ. ಬಂಡೆಗಳ ನಡುವೆಯೇ ಎರಡು ಟೆಂಟು ಹಾಕಿದೆವು, ಒಂದು ಅವನಿಗೆ, ಒಂದು ನಮಗೆ.

"ಇಲ್ಲಿ ರಾತ್ರಿ ಕಲ್ಲು ಶಬ್ದ ಮಾಡುತ್ತೆ. ಕೇಳಿಸಿದರೂ ಸುಮ್ಮನೆ ಮಲಗಿ," ಎಂದು ಹಿಂದಿಯಲ್ಲಿ ಹೇಳಿ ತನ್ನ ಟೆಂಟಿಗೆ ಹೋದ. ಕಲ್ಲು ಚಳಿಗೆ ಬಿರುಕು ಬಿಡುತ್ತದೇನೋ ಎಂದುಕೊಂಡೆ.

ಆಲಿಕಲ್ಲು ನಿಂತಿತು. ಗಾಳಿಯೂ ನಿಂತಿತು. ಅಷ್ಟು ನಿಶ್ಶಬ್ದವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ... ನನ್ನ ಎದೆ ಬಡಿಯುವುದು ನನಗೇ ಕೇಳುತ್ತಿತ್ತು. ಒದ್ದೆ ಕಾಲುಚೀಲದ ವಾಸನೆ, ಸೀಮೆಎಣ್ಣೆಯ ವಾಸನೆ. ಅನ್ಬು ಆಗಲೇ ಗೊರಕೆ ಹೊಡೆಯುತ್ತಿದ್ದ. ನನಗೂ ಕಣ್ಣು ಕೂಡುತ್ತಿತ್ತು.

ಟಕ್...

ಟಕ್... ಟಕ್...

ಬಿರುಕು ಬಿಡುವ ಶಬ್ದ ಹೀಗಿರುವುದಿಲ್ಲ. ಇದು ಹದವಾಗಿತ್ತು. ಒಂದು ಸಲ ತಟ್ಟಿ, ತಡೆದು, ಕೇಳಿಸಿಕೊಂಡು, ಮತ್ತೆ ತಟ್ಟಿದ ಹಾಗೆ. ಶಬ್ದ ಬರುತ್ತಿದ್ದದ್ದು ನಮ್ಮ ತಲೆಯ ಹತ್ತಿರದ ಬಂಡೆಯೊಳಗಿಂದ.

ಗೊರಕೆ ನಿಂತಿದ್ದು ಆಮೇಲೆ ಗಮನಕ್ಕೆ ಬಂತು. ಅನ್ಬು ಕಣ್ಣು ಬಿಟ್ಟು ಮಲಗಿದ್ದ.

"ಅಣ್ಣಾ... ಕೇಳಿಸ್ತಾ?" ಪಿಸುಗುಟ್ಟಿದ.

"ಕಲ್ಲು ಕಣ್ಲಾ. ಮಲಿಕೋ."

"ಕಲ್ಲಲ್ಲ ಅಣ್ಣಾ. ಒಳಗ್ ಯಾರೋ ಅವ್ರೆ."

ಆಗಲೇ ಆ ವಾಸನೆ ಬಂದದ್ದು. ನಮ್ಮ ಕಡೆಯ ಕಲ್ಲುಕ್ವಾರಿಗಳಲ್ಲಿ ಸಿಡಿ ಹೊಡೆದ ಮೇಲೆ ಗಂಟಲು ಕೆರೆಯುವ ಹೊಗೆ ವಾಸನೆ ಇರುತ್ತದಲ್ಲ, ಅದು. ಹಿಮದ ನಾಡಿನಲ್ಲಿ, ಸುತ್ತ ಒಂದು ನರಪಿಳ್ಳೆ ಇಲ್ಲದ ಕಡೆ, ಸಿಡಿಮದ್ದಿನ ಹೊಗೆ.

ಬೇರೆ ಯಾವ ಊರಿನವನಾಗಿದ್ದರೂ ಮುಸುಕೆಳೆದು ದೇವರ ನೆನೆಯುತ್ತಿದ್ದ. ಅನ್ಬು ಗಣಿಯವರ ಮನೆಯಲ್ಲಿ ಹುಟ್ಟಿದವನು. ಕೈಚಾಚಿ ಸ್ಟೀಲ್ ಲೋಟ ತಗೊಂಡ, ಟೆಂಟಿನ ಜಿಪ್ ಎಳೆದ, ಬಂಡೆಯ ಮೇಲೆ ಲೋಟದಿಂದ ತಿರುಗಿ ತಟ್ಟಿದ. ಟಕ್. ಟಕ್. ಟಕ್.

ಒಳಗಿನ ಶಬ್ದ ನಿಂತಿತು.

ಆಮೇಲೆ ಶುರುವಾಯಿತು ನೋಡಿ... ಟಕಟಕಟಕಟಕ... ಒಂದೇ ಸಮನೆ, ಗೋಳಾಡುವವರ ಹಾಗೆ, ಅಂತೂ ಯಾರೋ ಬಂದರಲ್ಲ ಎನ್ನುವ ಹಾಗೆ. ಅದನ್ನು ಕೇಳಿ ನನಗೆ ಭಯಕ್ಕಿಂತ ಮೊದಲು ಅಳು ಬಂತು. ಯಾಕೆ ಎಂದು ಈಗಲೂ ಗೊತ್ತಿಲ್ಲ.

ಪ್ರೇಮ್ ಸಿಂಗ್ ಟಾರ್ಚು ಹಿಡಿದು ಓಡಿಬಂದ. ಮುಖದಲ್ಲಿ ರಕ್ತವಿರಲಿಲ್ಲ.

"ಯಾರು ತಟ್ಟಿದ್ದು?" ಎಂದ. ಅನ್ಬು ಲೋಟ ತೋರಿಸಿದ. ಅವನು ಹಣೆ ಹಿಡಿದುಕೊಂಡು ಹಿಮದ ಮೇಲೇ ಕುಕ್ಕರಿಸಿದ. "ನಮ್ಮ ಕಡೆ ಅದಕ್ಕೆ ಉತ್ತರ ಕೊಡೋದಿಲ್ಲ ಭಾಯಿ... ಯಾರೂ ಕೊಡೋದಿಲ್ಲ."

ಒಳಗೆ ಯಾರು ಎಂದು ಕೇಳಿದೆ. ಅವನು ಎದ್ದು ಬಂಡೆಯಿಂದ ದೂರ ಸರಿದ.

ಅನ್ಬು ಮಾತ್ರ ನನಗೆ ತಣ್ಣಗೆ ಹೇಳಿದ. ಗಣಿಯೊಳಗೆ ಕಲ್ಲು ಸಿಡಿದು ಸುರಂಗ ಕುಸಿದರೆ ಒಳಗೆ ಸಿಕ್ಕಿಕೊಂಡವರು ಗಾಳಿಯ ಪೈಪನ್ನೋ ಬಂಡೆಯನ್ನೋ ತಟ್ಟುತ್ತಿದ್ದರಂತೆ. ಈಚೆಯಿಂದ ಕೇಳಿಸಿಕೊಂಡವನು ತಿರುಗಿ ತಟ್ಟಲೇಬೇಕು. ತಟ್ಟಿದನೆಂದರೆ, ನಾನಿದ್ದೀನಿ, ಬಿಟ್ಟು ಹೋಗಲ್ಲ ಎಂದು ಮಾತು ಕೊಟ್ಟ ಹಾಗೆ. ಅವರು ಹೊರಗೆ ಬರುವ ತನಕ ಅವನು ಏಳುವಂತಿಲ್ಲ.

"ಊಟ, ನಿದ್ದೆ, ಏನ್ಲಾ ಮಾಡೋದು ಅವನು?" ಎಂದು ರೇಗಿದೆ.

"ಬದ್ಲಿ ಆಳು ಬತ್ತಾನಣ್ಣ. ಇವನು ಕೈ ಸಡ್ಲ ಬಿಡ್ಬೇಕು, ಅವನು ಸುತ್ತಿಗೆ ತಗೊಂಡು ತಾನೂ ತಟ್ಬೇಕು. ಆಗ ಅವನ್ ಪಾಳಿ. ಅಲ್ಲೀಗಂಟ ಏಳಂಗಿಲ್ಲ."

ಅವನ ತಾತ ಹಾಗೆ ಒಂದು ಸಲ ತಟ್ಟಿದ್ದರಂತೆ. ಅಗೆಯುತ್ತಿದ್ದ ಹಾಗೆಯೇ ಇನ್ನೊಂದು ಸಲ ಕಲ್ಲು ಸಿಡಿದು, ಪ್ರಜ್ಞೆಯಿಲ್ಲದ ಅವರನ್ನು ಹೊತ್ತು ಹೊರಗೆ ತಂದರಂತೆ, ಸಿಕ್ಕಿಕೊಂಡವರು ಒಳಗೇ ಉಳಿದರಂತೆ. ಯಾರ ತಪ್ಪೂ ಅಲ್ಲ. ಆದರೆ ಮುದುಕ ಸಾಯುವ ತನಕ ಪ್ರತಿ ಸಂಜೆ ಬೀದಿಯ ನಲ್ಲಿ ಪೈಪಿಗೆ ಕಿವಿಯಿಟ್ಟು ತಟ್ಟುತ್ತಿದ್ದರಂತೆ. ಬೀದಿಯವರು ತಲೆ ಕೆಟ್ಟಿದೆ ಎಂದುಕೊಂಡಿದ್ದರು.

ಇಷ್ಟು ಹೇಳಿ ಅನ್ಬು ಅಗೆಯಲು ಕೂತ. ಊಟದ ತಟ್ಟೆಯಿಂದ, ಆಮೇಲೆ ಬರಿಗೈಯಿಂದ. ಒಂದು ಕಲ್ಲು ಸರಿಸಿದರೆ ಕೆಳಗೆ ಇನ್ನೊಂದು. ಬೆಟ್ಟವನ್ನು ಉಗುರಿನಿಂದ ಅಗೆಯಲಾಗುತ್ತದೆಯೇ? ನಡುನಡುವೆ ಲೋಟದಿಂದ ತಟ್ಟುತ್ತಿದ್ದ, ಒಳಗಿನಿಂದ ಉತ್ತರ ಬರುತ್ತಿತ್ತು. ಎಳೆದೆ, ಬೈದೆ, ಕೆನ್ನೆಗೆ ಬಾರಿಸಿದೆ. ಅವನಿಗೆ ನಾನು ಅಲ್ಲಿರುವುದೇ ಗೊತ್ತಾಗುತ್ತಿರಲಿಲ್ಲ. ಬೆರಳುಗಳಿಂದ ರಕ್ತ ಬಂದು ಕಲ್ಲಿನ ಮೇಲೆ ಹೆಪ್ಪುಗಟ್ಟುತ್ತಿತ್ತು. ಕೈಗವಸು ಹಾಕಿದರೆ ಕಿತ್ತೆಸೆದ. ತುಟಿ ನೀಲಿಯಾಯಿತು.

ಪೂರ್ವ ಬೆಳ್ಳಗಾಗುವ ಮುಂಚೆ ಪ್ರೇಮ್ ಸಿಂಗ್ ನನ್ನ ಭುಜ ಅಲುಗಿಸಿ ಮೇಲೆ ತೋರಿಸಿದ. ಕಣಿವೆದಾರಿಯ ತಲೆಗೆ ಮೋಡ ಸುತ್ತಿಕೊಳ್ಳುತ್ತಿತ್ತು. ಹಿಂದಿನ ದಾರಿ ಆಲಿಕಲ್ಲಿಗೆ ಜಾರುಬಂಡೆಯಾಗಿದೆ, ಈಗಲೇ ಹತ್ತಿ ಆಚೆಗೆ ಇಳಿಯದಿದ್ದರೆ ಮೂವರೂ ಇಲ್ಲೇ ಎಂದ. ಅನ್ಬುವನ್ನು ಹೊತ್ತು ಆ ಏರು ಹತ್ತುವುದು ಇಬ್ಬರಿಂದ ಆಗುವ ಮಾತಲ್ಲ. ಅವನೇ ನಡೆಯಬೇಕು.

ಅವನ ತಾಯಿಯ ಮುಖ ಕಣ್ಣೆದುರು ಬಂತು. ಎಂಗ್ ಕರ್ಕೊಂಡ್ ಓಯ್ತಿಯೋ ಅಂಗೇ.

ಅವನ ಎದುರು ಮಂಡಿಯೂರಿ ಕೂತೆ. "ಅನ್ಬೂ, ನೋಡಿಲ್ಲಿ. ಬದ್ಲಿ ಆಳು ಬಂದಿವ್ನಿ. ನಿನ್ ಪಾಳಿ ಮುಗೀತು. ಲೋಟ ಕೊಡು ಇಲ್ಲಿ."

ಮೊದಲ ಸಲ ನನ್ನ ಮುಖ ನೋಡಿದ. ದಿನವಿಡೀ ಭಾರ ಹೊತ್ತ ಕೂಲಿಯವನು ಹೊರೆ ಇಳಿಸುವಾಗ ನೋಡುತ್ತಾನಲ್ಲ, ಹಾಗೆ. ಬೆರಳು ಸಡಿಲವಾಯಿತು. ನಾನು ಲೋಟ ತಗೊಂಡು ಬಂಡೆಯ ಮೇಲೆ ತಟ್ಟಿದೆ.

ಮಕ್ಕಳನ್ನು ಸಮಾಧಾನ ಮಾಡುವ ಹಾಗೆ ಮಾಡಿದ ನಾಟಕ ಅದು. ದೇವರಾಣೆ, ನನ್ನ ಮನಸ್ಸಿನಲ್ಲಿದ್ದದ್ದು ಅಷ್ಟೇ. ಆದರೆ ಒಳಗಿನಿಂದ ಬಂದ ಉತ್ತರ ನನ್ನ ಅಂಗೈ ದಾಟಿ ಮೊಣಕೈವರೆಗೂ ಏರಿತು.

ಅನ್ಬು ಎದ್ದು ನಿಂತ. "ಯಾಕಣ್ಣಾ ಅಲ್ ಕೂತಿದೀಯ? ಓಗಾನ ನಡಿ, ಮೋಡ ಬತ್ತಾ ಐತೆ," ಎಂದ. ತನ್ನ ಬೆರಳುಗಳನ್ನು ನೋಡಿಕೊಂಡು ಬೆಚ್ಚಿದ. ಏನಾಯಿತೆಂದು ಅವನಿಗೆ ನೆನಪಿರಲಿಲ್ಲ, ತಟ್ಟುವ ಶಬ್ದವೂ ಕೇಳುತ್ತಿರಲಿಲ್ಲ.

ಹತ್ತಿದೆವು. ಪ್ರೇಮ್ ಸಿಂಗ್ ಮುಂದೆ, ಅನ್ಬು ನಡುವೆ, ನಾನು ಹಿಂದೆ. ನನ್ನ ಕಾಲಡಿಯಲ್ಲಿ, ನಾನು ಹೆಜ್ಜೆ ಇಟ್ಟ ಕಡೆಯಲ್ಲೆಲ್ಲ, ಟಕ್... ಟಕ್... ಬರುತ್ತಿತ್ತು. ಬರಬರುತ್ತ ಮೆಲ್ಲಗಾಯಿತು. ಯಾರೋ ಸೋತು ಹೋಗುತ್ತಿರುವ ಹಾಗೆ. ಹಿಂದೆ ತಿರುಗಲಿಲ್ಲ. ಕಣಿವೆದಾರಿ ದಾಟಿ ಆಚೆ ಇಳಿದ ಮೇಲೆ ಪೂರ್ತಿ ನಿಂತಿತು.

ಅನ್ಬುವನ್ನು ಅವನ ತಾಯಿಗೆ ಒಪ್ಪಿಸಿದೆ. ಆಕೆ ಮಗನ ಬೆರಳಿನ ಬಟ್ಟೆ ಬಿಚ್ಚಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಗಣಿಯವರ ಮನೆಯ ಸೊಸೆ, ಏನು ಅರ್ಥವಾಯಿತೋ.

"ಇವ್ನ್ ಪಾಳಿ ನೀ ತಗೊಂಡ್ಯಾಪ್ಪಾ?" ಎಂದರು.

ಹೂಂ ಎಂದೆ. ಆಕೆ ಬಾಗಿ ನನ್ನ ಕಾಲು ಮುಟ್ಟಲು ಬಂದರು. ನನಗಿಂತ ಎಷ್ಟೋ ದೊಡ್ಡವರು. ನಾನು ಹೆದರಿ ಎದ್ದುಬಂದೆ.

ಕೆಲವು ದಿನ ಏನೂ ಆಗಲಿಲ್ಲ. ಅನ್ಬು ಟವೆಲ್ ಹಾಸುತ್ತಿದ್ದ, ನಾನು ಕೂರುತ್ತಿದ್ದೆ. ಎಲ್ಲ ಸರಿಹೋಯಿತು ಎಂದುಕೊಂಡೆ.

ನಮ್ಮ ಹಿತ್ತಲಲ್ಲಿ ನೀರು ಬತ್ತಿದ ಒಂದು ಬೋರ್‌ವೆಲ್ ಇದೆ. ಮಕ್ಕಳು ಮರಿ ಬೀಳದಿರಲೆಂದು ಪೈಪಿನ ಬಾಯಿಗೆ ಚಪ್ಪಡಿ ಮುಚ್ಚಿದ್ದೇವೆ. ಒಂದು ರಾತ್ರಿ ಹಸುಗಳಿಗೆ ಹುಲ್ಲು ಹಾಕಿ ತಿರುಗಿದೆ... ಪೈಪಿನೊಳಗಿಂದ, ಆಳದಿಂದ ಬಂತು. ಟಕ್.

ಹಸುಗಳು ಸುಮ್ಮನೆ ಮೇಯುತ್ತಿದ್ದವು. ಅವಕ್ಕೆ ಕೇಳಿಸಲಿಲ್ಲ. ಆದರೆ ಆ ಸಿಡಿಮದ್ದಿನ ಹೊಗೆ ವಾಸನೆ ಹಿತ್ತಲೆಲ್ಲ ತುಂಬಿತ್ತು.

ಉತ್ತರ ಕೊಡಬಾರದು ಎಂದು ಹಲ್ಲು ಕಚ್ಚಿ ಮಲಗಿದೆ. ಅದೇನೂ ಬೆದರಿಸುತ್ತಿರಲಿಲ್ಲ. ಬೆದರಿಸಿದ್ದರೆ ಬೇಕಾದಷ್ಟು ಬೈದು ಬಿಡುತ್ತಿದ್ದೆ, ನನ್ನ ಬಾಯಿ ಸಣ್ಣದಲ್ಲ. ಅದು ಮೆಲ್ಲಗಾಗುತ್ತಿತ್ತು. ಒಂದು ತಟ್ಟಿಗೂ ಇನ್ನೊಂದಕ್ಕೂ ನಡುವೆ ಹೊತ್ತು ಹೆಚ್ಚಾಗುತ್ತಿತ್ತು. ಯಾರೋ ಕಣ್ಣೆದುರೇ ಪ್ರಾಣ ಬಿಡುವುದನ್ನು ಗೋಡೆಗೆ ಮುಖ ಮಾಡಿ ಕೇಳಿಸಿಕೊಳ್ಳುವುದು ಹೇಗೆ? ಎದ್ದು ಹೋದೆ. ಕೆಲಸದ ಸ್ಪ್ಯಾನರ್ ತಗೊಂಡು ಪೈಪಿಗೆ ತಟ್ಟಿದೆ. ಅದಕ್ಕೆ ಜೀವ ಬಂತು.

ಅಲ್ಲಿಂದ ನನ್ನ ರಾತ್ರಿಗಳು ಹಿತ್ತಲಿಗೆ ಹೋದವು. ಅಗೆಯೋಣವೆಂದರೆ ಅದು ಕೈ ಹಿಡಿಸದ ಪೈಪು. ತಟ್ಟುವುದು, ಕೇಳಿಸಿಕೊಳ್ಳುವುದು, ಅಷ್ಟೇ. ಕೆಲಸದಲ್ಲಿ ಒಂದು ಸಲ ಹರಿಯುವ ಕರೆಂಟಿಗೇ ಕೈ ಹಾಕಿ ಬದುಕಿ ಉಳಿದೆ. ಮೈ ಇಳಿಯಿತು. ಅನ್ಬು ವಿಷಯ ತಿಳಿದು ಅಳುತ್ತ ಬಂದ.

"ಅಣ್ಣಾ, ವಾಪಸ್ ಕೊಡು ಅಣ್ಣಾ. ನಂದು ಅದು," ಎಂದ.

ಅವನ ತಾಯಿ ನನ್ನ ಕಾಲಿಗೆ ಬಾಗಿದ್ದು ನೆನಪಾಯಿತು. ಕೊಡಲಿಲ್ಲ. ರೈಲಿಗೆ ಹೊತ್ತಾಯಿತು ಎಂದು ಗದರಿಸಿ ಕಳಿಸಿದೆ.

ಜಯಮ್ಮನಿಗೆ ಏನೂ ಕೇಳುತ್ತಿರಲಿಲ್ಲ. ಮೊದಮೊದಲು ಬೈದಳು, ಆಮೇಲೆ ಮಂತ್ರ ಹಾಕಿಸಿದಳು, ತಾಯಿತ ಕಟ್ಟಿಸಿದಳು. ಕಡೆಗೆ ಒಂದು ರಾತ್ರಿ ಪಕ್ಕದಲ್ಲಿ ಬಂದು ಕೂತು, ನಡೆದದ್ದನ್ನೆಲ್ಲ ಮೊದಲಿನಿಂದ ಕೇಳಿಸಿಕೊಂಡಳು. ಪಾಳಿ ಬದಲಾಗುವುದು ಹೇಗೆಂಬುದನ್ನು ಎರಡು ಸಲ ಕೇಳಿದಳು. ನನ್ನ ತಲೆ ಆಗಲೇ ತೂಗುತ್ತಿತ್ತು. ಯಾಕೆ ಕೇಳುತ್ತಿದ್ದಾಳೆಂದು ಹೊಳೆಯಲಿಲ್ಲ.

ಬೆಳಗಿನ ಜಾವ ನನ್ನ ಕೈಯ ಮೇಲೆ ಅವಳ ಕೈ ಬಂತು. "ಕೊಡಿ ಇಲ್ಲಿ. ವಸಿ ಮಲಿಕ್ಕಳಿ," ಎಂದಳು. ನಿದ್ದೆಯಲ್ಲಿ ಇದ್ದೆನೋ, ಎಚ್ಚರವಿದ್ದೆನೋ. ಸ್ಪ್ಯಾನರ್ ಕಿತ್ತುಕೊಂಡಳು ಎಂದು ಹೇಳಲಾರೆ. ಬೆರಳು ಸಡಿಲ ಬಿಟ್ಟವನು ನಾನೇ.

ಬಿಸಿಲು ಮುಖಕ್ಕೆ ಬಿದ್ದಾಗ ಎಚ್ಚರವಾಯಿತು. ಎಷ್ಟು ದಿನಗಳ ಮೇಲೆ ಅಂಥ ನಿದ್ದೆ! ಶಬ್ದವಿಲ್ಲ, ವಾಸನೆಯಿಲ್ಲ. ಹಕ್ಕಿಗಳು ಕೂಗುತ್ತಿದ್ದವು. ಒಂದು ಕ್ಷಣ ಸಂತೋಷವಾಯಿತು, ಆ ಒಂದು ಕ್ಷಣಕ್ಕೆ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ಜಯಮ್ಮ ಪೈಪಿಗೆ ಕಿವಿಯಿಟ್ಟು ಕೂತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಅಯ್ಯೋ... ದಿಟವಾಗ್ಲೂ ಅವ್ರೆ ಕಣ್ರೀ," ಎಂದಳು. "ಪಾಪ, ಎಷ್ಟ್ ಸೋತವ್ರೆ."

ವಾಪಸ್ ಕೊಡೆಂದು ಗೋಗರೆದೆ. ಅವಳು ಬಿಡಲಿಲ್ಲ. "ನಿಮಗ್ ಕೊಟ್ರೆ ನೀವು ಸಾಯ್ತೀರ. ಓಗಿ, ಆಲು ಕರೀರಿ," ಎಂದಳು. ಬೈಗುಳದ ದನಿ ಅದೇ ಇತ್ತು. ಬುತ್ತಿ ಮಾತ್ರ ಈಗ ಕಟ್ಟುವುದಿಲ್ಲ, ಅವಳಿಗೆ ಹೊತ್ತಿಲ್ಲ. ಕೆನ್ನೆಯ ಮೂಳೆ ಕಾಣುತ್ತಿದೆ. ಕೆಲವು ಸಲ ಪೈಪಿನೊಳಕ್ಕೆ ಪಿಸುಮಾತಿನಲ್ಲಿ ಏನೋ ಹೇಳುತ್ತಾಳೆ, ನಾನು ಹತ್ತಿರ ಹೋದರೆ ನಿಲ್ಲಿಸುತ್ತಾಳೆ.

ನಿನ್ನೆ ರಾತ್ರಿ ಅವಳಿಗೆ ಗಳಿಗೆ ಹೊತ್ತು ಜೋಂಪು ಹತ್ತಿತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸ್ಪ್ಯಾನರ್ ಕದ್ದೆ. ಪೈಪಿಗೆ ತಟ್ಟಿದೆ. ಕಿವಿಯಿಟ್ಟು ಕಾದೆ. ಮತ್ತೆ ತಟ್ಟಿದೆ, ಕೈ ನೋಯುವ ತನಕ ತಟ್ಟಿದೆ. ನನಗೆ ಏನೂ ಕೇಳಿಸಲಿಲ್ಲ.

"ನಿಮ್ ಪಾಳಿ ಅಲ್ಲ ಅಂತ ಅವ್ರಿಗ್ ಗೊತ್ತು ಕಣ್ರೀ," ಎಂದಳು ಜಯಮ್ಮ, ಕಣ್ಣು ಮುಚ್ಚಿಕೊಂಡೇ. "ಕೊಡಿ ಇಲ್ಲಿ... ತಟ್ಟೋ ಸದ್ದು ಮೆತ್ತಗಾಯ್ತಾ ಐತೆ."

ಕೊಟ್ಟೆ.